ಸಂಜೆಗೆ ಬಾಡುವ ಸರಕು

ಕೆಲವು ಸರಕುಗಳು ಇಟ್ಟಷ್ಟೂ ಬೆಲೆ ಏರಿಸಿಕೊಳ್ಳುತ್ತವೆ. ಹಳೆಯ ಅಕ್ಕಿ, ಹಳೆಯ ಹುಣಿಸೆಹಣ್ಣು ಈ ಜಾತಿಗೆ ಸೇರಿದವು. ಇನ್ನು ಕೆಲವು ಹೊತ್ತು ಇಳಿದಂತೆಲ್ಲ ತಾವೂ ಇಳಿಯುತ್ತವೆ. ಬೆಳಗ್ಗೆ ಮೊಳಕ್ಕೆ ಇಷ್ಟೆಂದು ಬಿಗಿಯಾಗಿ ಹೇಳಿದ ಹೂವಾಡಗಿತ್ತಿಯೇ ದೀಪ ಹಚ್ಚುವ ಹೊತ್ತಿಗೆ "ಕೊಡುವಷ್ಟು ಕೊಟ್ಟು ತೊಗೊಂಡು ಹೋಗಿ ತಾಯಿ" ಎನ್ನುವಳು. ಆಕೆಗೆ ಲೆಕ್ಕ ಬಾರದೆಂದು ತಿಳಿಯಬಾರದು. ಲೆಕ್ಕ ಚೆನ್ನಾಗಿ ಬರುವುದರಿಂದಲೇ ಆಕೆ ಹಾಗೆನ್ನುವಳು. ಮಾರದೆ ಉಳಿದ ಮಲ್ಲಿಗೆ ನಾಳೆಗೆ ಕಸ. ಅರ್ಧ ಬೆಲೆಗೆ ಹೋದ ಮಲ್ಲಿಗೆ ಇಂದಿಗೆ ಕಾಸು.

ಆದರೆ ಮಲ್ಲಿಗೆಗಿಂತಲೂ ಬೇಗ ಬಾಡುವ ಸರಕೊಂದು ಲೋಕದಲ್ಲಿ ಉಂಟು. ಅದು ನಾಟಕಶಾಲೆಯ ಕುರ್ಚಿ. ಸಂಜೆ ಎಂಟಕ್ಕೆ ಪರದೆ ಏಳುವುದಾದರೆ ಏಳೂ ಐವತ್ತೈದರವರೆಗೆ ಅದಕ್ಕೆ ನೂರು ಡಾಲರು ಬೆಲೆ. ಎಂಟೂ ಐದಕ್ಕೆ ಅದು ಕೇವಲ ಮರ ಮತ್ತು ಮಖಮಲ್ಲು. ಅಂದಿನ ಆಟದ ಅಂದಿನ ಕುರ್ಚಿಯನ್ನು ಮರುದಿನ ಯಾವ ಸಂತೆಯಲ್ಲಿಯೂ ಮಾರಲಾಗದು. ನಟರ ಸಂಬಳ, ವಾದ್ಯಗಾರರ ಕೂಲಿ, ದೀಪದ ಖರ್ಚು ಇವೆಲ್ಲ ಕುರ್ಚಿ ತುಂಬಿದರೂ ಒಂದೇ, ಬರಿದಾದರೂ ಒಂದೇ. ಈ ಸರಳ ಸತ್ಯವನ್ನು ನಂಬಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳು ಒಂದೊಂದು ಸಂಸ್ಥೆಯನ್ನೇ ಕಟ್ಟಿ ನಿಲ್ಲಿಸಿವೆ. ಅಂದಿನ ಆಟದ ಟಿಕೆಟ್ಟುಗಳನ್ನು ಅಂದೇ ಕಡಿಮೆ ಬೆಲೆಗೆ ಮಾರುವ ಆ ಕಟ್ಟೆಗಳ ಕಥೆ ವ್ಯಾಪಾರದ ಕಥೆಯೂ ಹೌದು, ಕಲೆ ಯಾರ ಸೊತ್ತು ಎಂಬ ಹಳೆಯ ವ್ಯಾಜ್ಯದ ಕಥೆಯೂ ಹೌದು.

ಹೊಗೆಸೊಪ್ಪಿನ ಅಂಗಡಿಯಲ್ಲಿ ಹುಟ್ಟಿದ ಯುಕ್ತಿ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದಲ್ಲಿ ಟೈಮ್ಸ್ ಸ್ಕ್ವೇರ್ ಎಂಬ ಚೌಕದ ಸುತ್ತಮುತ್ತ ನಲವತ್ತಕ್ಕೆ ಒಂದು ಹೆಚ್ಚು ನಾಟಕಶಾಲೆಗಳಿವೆ. ಐನೂರು ಅಥವಾ ಅದಕ್ಕೆ ಮೇಲ್ಪಟ್ಟು ಆಸನಗಳಿರುವ ಈ ಶಾಲೆಗಳಿಗೆಲ್ಲ ಸೇರಿ ಬ್ರಾಡ್‌ವೇ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಗರದಲ್ಲಿ ಜೋ ಲೆಬ್ಲಾಂಗ್ ಎಂಬ ಹಂಗೇರಿಯ ವಲಸಿಗನೊಬ್ಬ ಹೊಗೆಸೊಪ್ಪಿನ ಅಂಗಡಿ ಇಟ್ಟುಕೊಂಡಿದ್ದ. ಆ ಕಾಲದ ನಾಟಕದ ಯಜಮಾನರು ತಮ್ಮ ಭಿತ್ತಿಪತ್ರಗಳನ್ನು ಅಂಗಡಿಯ ಕಿಟಕಿಯಲ್ಲಿ ಅಂಟಿಸಲು ಅವಕಾಶ ಕೊಟ್ಟವರಿಗೆ ಬಾಡಿಗೆಯ ಬದಲು ಬಿಟ್ಟಿ ಟಿಕೆಟ್ಟುಗಳನ್ನು ಕೊಡುತ್ತಿದ್ದರು. ಲೆಬ್ಲಾಂಗನಿಗೂ ಅವು ಬಂದವು. ಅವನು ಅವನ್ನು ಅಗ್ಗಕ್ಕೆ ಮಾರಿದ. ಕೊಳ್ಳುವವರಿದ್ದಾರೆಂದು ಕಂಡಮೇಲೆ ನೆರೆಹೊರೆಯ ಅಂಗಡಿಗಳವರ ಬಿಟ್ಟಿ ಟಿಕೆಟ್ಟುಗಳನ್ನೂ ಕೊಂಡು ಮಾರಿದ. ಮುಂದೆ ನಾಟಕದ ಯಜಮಾನರೇ ತಮ್ಮಲ್ಲಿ ಮಾರದೆ ಉಳಿದುದನ್ನು ಅವನ ಕೈಗೆ ಒಪ್ಪಿಸುವಂತಾಯಿತು. ಟೈಮ್ಸ್ ಸ್ಕ್ವೇರಿನ ಒಂದು ಔಷಧದ ಅಂಗಡಿಯ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಅವನ ವ್ಯಾಪಾರಕ್ಕೆ ಜನ ಮುಗಿಬೀಳುತ್ತಿದ್ದರು. 1931ರಲ್ಲಿ ಅವನು ತೀರಿಕೊಂಡ.

ಲೆಬ್ಲಾಂಗ್ ಕಂಡುಕೊಂಡದ್ದು ದೊಡ್ಡ ಸಿದ್ಧಾಂತವೇನಲ್ಲ. ನಾಟಕ ನೋಡಲು ಬಯಸುವವರಲ್ಲಿ ಎರಡು ಪಂಗಡ: ಹಣವುಳ್ಳವರು ಮತ್ತು ಹೊತ್ತುಳ್ಳವರು. ಹಣವುಳ್ಳವನಿಗೆ ಇಂಥ ದಿನ, ಇಂಥ ಆಟ, ಇಂಥ ಸಾಲು ಎಂಬ ನಿಶ್ಚಯ ಬೇಕು. ಅದಕ್ಕಾಗಿ ತಿಂಗಳ ಮೊದಲೇ ಪೂರ್ಣ ಬೆಲೆ ತೆರುತ್ತಾನೆ. ಹೊತ್ತುಳ್ಳವನು ಸಿಕ್ಕಿದ ಆಟಕ್ಕೆ ಸಿಕ್ಕಿದ ಕುರ್ಚಿಯಲ್ಲಿ ಕೂರಲು ಸಿದ್ಧ. ಅವನು ಹಣದ ಕೊರತೆಯನ್ನು ಕಾಲು ನೋಯಿಸಿಕೊಂಡು ತುಂಬಿಕೊಡುತ್ತಾನೆ. ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಒಂದೇ ಮಾತಿಗೆ ನಗುತ್ತಾರೆ. ಒಬ್ಬನ ಜೇಬಿನಿಂದ ಇನ್ನೊಬ್ಬನಿಗಿಂತ ಎರಡರಷ್ಟು ಹೋಗಿರುತ್ತದೆ, ಅಷ್ಟೆ.

ಪಾದ್ರಿಯ ಪ್ರತಿಮೆಯ ಬೆನ್ನಿಗೆ

1970ರ ಸುಮಾರಿಗೆ ಬ್ರಾಡ್‌ವೇಗೆ ದುರ್ದಿನಗಳು ಬಂದಿದ್ದವು. ಟೈಮ್ಸ್ ಸ್ಕ್ವೇರಿನ ಬೀದಿಗಳಿಗೆ ಕೆಟ್ಟ ಹೆಸರು ಬಂದು ಮರ್ಯಾದಸ್ಥರು ಸಂಜೆಯಾದಮೇಲೆ ಅತ್ತ ಸುಳಿಯಲು ಹಿಂಜರಿಯುತ್ತಿದ್ದರು. ಒಳ್ಳೆಯ ನಾಟಕಗಳು ಕೂಡ ಅರೆಬರಿದಾದ ಶಾಲೆಗಳಲ್ಲಿ ನಡೆಯುತ್ತಿದ್ದವು. ಆಗ, 1973ರ ಜೂನ್ 25ರಂದು, ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಎಂಬ ಲಾಭದ ಆಸೆಯಿಲ್ಲದ ಸಂಸ್ಥೆಯೊಂದು ಆ ಚೌಕದ ಉತ್ತರ ತುದಿಯಲ್ಲಿ ಕೊಳವೆ, ಕ್ಯಾನ್ವಾಸುಗಳಿಂದ ಕಟ್ಟಿದ ಒಂದು ಮಳಿಗೆಯನ್ನು ತೆರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ನಡುವೆ ಪಾದ್ರಿಯಾಗಿ ದುಡಿದ ಫ್ರಾನ್ಸಿಸ್ ಡಫ್ಫಿಯ ಪ್ರತಿಮೆ ಅಲ್ಲಿದೆ. ಆ ಜಾಗಕ್ಕೆ ಡಫ್ಫಿ ಸ್ಕ್ವೇರ್ ಎಂದೇ ಹೆಸರು. ಮಳಿಗೆಗೆ ಇಟ್ಟ ಹೆಸರು ಟಿ.ಕೆ.ಟಿ.ಎಸ್. ಟಿಕೆಟ್ಸ್ ಎಂಬ ಮಾತಿನಿಂದ ಸ್ವರಗಳನ್ನು ಕಿತ್ತುಹಾಕಿದರೆ ಉಳಿಯುವ ವ್ಯಂಜನಗಳಿವು. ಅರ್ಧ ಬೆಲೆಯ ಅಂಗಡಿಗೆ ಅರ್ಧ ಹೆಸರೇ ಸಾಕೆಂದು ಯಾರಾದರೂ ವಿನೋದ ಮಾಡಿದರೆ ತಪ್ಪೇನೂ ಇಲ್ಲ.

ತಾತ್ಕಾಲಿಕವೆಂದು ಕಟ್ಟಿದ ಆ ಮಳಿಗೆ ಮೂವತ್ತು ವರ್ಷಗಳಿಗೂ ಮೇಲೆ ಬಾಳಿತು. ಅದರ ಒಂದು ಶಾಖೆ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿಯೂ ಇತ್ತು. 2001ರ ಸೆಪ್ಟೆಂಬರ್ 11ರ ಅನಾಹುತದಲ್ಲಿ ಅದು ಅಳಿಯಿತು. 2008ರ ಅಕ್ಟೋಬರಿನಲ್ಲಿ ಮೂಲ ಜಾಗದಲ್ಲಿ ಹೊಸ ಕಟ್ಟಡ ಬಂದಿತು. ಅದರ ಮಾಡೇ ಮೆಟ್ಟಿಲು! ಕೆಂಪು ಗಾಜಿನ 27 ಮೆಟ್ಟಿಲುಗಳು. ಕೆಳಗೆ ಟಿಕೆಟ್ಟಿನ ಕಿಟಕಿಗಳು, ಮೇಲೆ ದಣಿದವರು ಕೂರುವ ಬಯಲು ಗ್ಯಾಲರಿ. ಒಳಗಿನ ನಾಟಕಕ್ಕೆ ಟಿಕೆಟ್ಟು ಸಿಗದವರು ಆ ಮೆಟ್ಟಿಲುಗಳ ಮೇಲೆ ಕುಳಿತು ಬೀದಿಯ ನಾಟಕವನ್ನು ಬಿಟ್ಟಿಯಾಗಿಯೇ ನೋಡಬಹುದು.

ಸರದಿಯ ಶಾಸ್ತ್ರ

ಈ ಕಟ್ಟೆಯ ವ್ಯವಹಾರ ಹೀಗೆ ನಡೆಯುತ್ತದೆ. ಅಂದಿನ ಆಟಕ್ಕೆ ಯಾವ ನಾಟಕಶಾಲೆಯಲ್ಲಿ ಕುರ್ಚಿಗಳು ಉಳಿಯುವ ಲಕ್ಷಣವಿದೆಯೋ ಆ ಶಾಲೆಯವರು ಅವನ್ನು ಮಳಿಗೆಗೆ ಬಿಟ್ಟುಕೊಡುತ್ತಾರೆ. ಯಾವ ಆಟ, ಎಷ್ಟು ರಿಯಾಯಿತಿ ಎಂಬುದು ಫಲಕದ ಮೇಲೆ ಮೂಡುತ್ತದೆ. ರಿಯಾಯಿತಿ ಸಾಮಾನ್ಯವಾಗಿ ನೂರಕ್ಕೆ 20ರಿಂದ 50ರವರೆಗೆ. ಟಿಕೆಟ್ಟೊಂದಕ್ಕೆ ಸಣ್ಣದೊಂದು ಸೇವಾಶುಲ್ಕ ಬೇರೆ. ಮಳಿಗೆಯನ್ನು ನಡೆಸುವ ಸಂಸ್ಥೆ ಶಾಲೆಯ ಮಕ್ಕಳನ್ನು ನಾಟಕಕ್ಕೆ ಕರೆತರುವುದು, ಕಣ್ಣು ಕಿವಿ ಮಂದವಾದವರಿಗೆ ಆಟಗಳನ್ನು ನಿಲುಕಿಸುವುದು, ನಾಟಕದ ಉಡುಪುಗಳ ಸಂಗ್ರಹವೊಂದನ್ನು ಇಟ್ಟು ಬಾಡಿಗೆಗೆ ಕೊಡುವುದು ಮುಂತಾದ ಕೆಲಸಗಳನ್ನೂ ಮಾಡುತ್ತದೆ.

ಇಲ್ಲಿ ನಿಲ್ಲುವವರಿಗೆ ಅನುಭವವೇ ಗುರು. ಸರದಿಯಲ್ಲಿ ಪಳಗಿದವರು ಹೇಳುವ ಸೂತ್ರಗಳು ಕೆಲವುಂಟು. ಮೊದಲನೆಯದು: ಒಂದೇ ನಾಟಕದ ಮೇಲೆ ಮನಸ್ಸಿಟ್ಟು ಬರಬಾರದು, ಎರಡನೆಯದನ್ನೂ ಮೂರನೆಯದನ್ನೂ ಗಂಟುಕಟ್ಟಿಕೊಂಡು ಬರಬೇಕು. ಕಿಟಕಿಯ ಮುಂದೆ ನಿಂತಾಗ ಮೊದಲಿನದು ಮುಗಿದುಹೋಗಿರಬಹುದು, ಹಿಂದಿನವರಿಗೆ ತಾಳ್ಮೆ ಇರಲಾರದು. ಎರಡನೆಯದು: ಊರೆಲ್ಲ ಕೊಂಡಾಡುವ ಆಟ ಫಲಕದ ಮೇಲೆ ಇರುವುದೇ ಇಲ್ಲ. ತುಂಬಿದ ಮನೆಗೆ ರಿಯಾಯಿತಿಯ ಹಂಗೇಕೆ? ಮೂರನೆಯದು: ಶನಿವಾರಕ್ಕಿಂತ ಮಂಗಳವಾರ ಮೇಲು, ವಾರದ ಕೊನೆಯಲ್ಲಿ ಜಗತ್ತೇ ಅಲ್ಲಿ ನೆರೆದಿರುತ್ತದೆ. ನಾಲ್ಕನೆಯದು: ಜೋಡಿಯಾಗಿ ಬಂದವರಿಗಿಂತ ಒಂಟಿಯಾಗಿ ಬಂದವನಿಗೆ ಅದೃಷ್ಟ ಹೆಚ್ಚು, ಏಕೆಂದರೆ ಸಾಲಿನ ನಡುವೆ ಉಳಿಯುವುದು ಒಂಟಿ ಕುರ್ಚಿಯೇ. ಐದನೆಯದು: ಎಲ್ಲರಿಗಿಂತ ಮೊದಲು ಬಂದವನಿಗೇ ಒಳ್ಳೆಯದು ಸಿಗುವುದೆಂಬ ನಿಯಮವಿಲ್ಲ. ನಾಟಕಶಾಲೆಗಳು ಟಿಕೆಟ್ಟುಗಳನ್ನು ದಿನವಿಡೀ ಬಿಡುತ್ತಿರುತ್ತವೆ. ಗಣ್ಯರಿಗೆಂದು ತೆಗೆದಿರಿಸಿದ ಮುಂದಿನ ಸಾಲು ಕೊನೆಯ ಗಳಿಗೆಯಲ್ಲಿ ಹೊರಬೀಳುವುದುಂಟು. ಸಂಗೀತ ನಾಟಕಗಳಿಗೇ ನೂಕುನುಗ್ಗಲು ಹೆಚ್ಚಾದುದರಿಂದ ಬರಿಯ ಮಾತಿನ ನಾಟಕ ಕೇಳುವವರಿಗೆ ಬೇರೊಂದು ಸಾಲನ್ನೇ ಮಾಡಿದ್ದಾರೆ. ಅದು ಬೇಗ ಸರಿಯುತ್ತದೆ. ಮಾತಿಗೆ ಕಿವಿಗೊಡುವವರು ಎಲ್ಲ ದೇಶಗಳಲ್ಲಿಯೂ ಅಲ್ಪಸಂಖ್ಯಾತರೆಂದು ಇದರಿಂದ ತಿಳಿಯಬಹುದು.

ನ್ಯೂಯಾರ್ಕಿನ ಈ ಮಾದರಿ ಲಂಡನ್ನಿಗೂ ಹೋಯಿತು. ಅಲ್ಲಿಯ ನಾಟಕಶಾಲೆಗಳ ಸಂಘ 1980ರಲ್ಲಿ ಲೆಸ್ಟರ್ ಸ್ಕ್ವೇರಿನಲ್ಲಿ ಅರ್ಧ ಬೆಲೆಯ ಮಳಿಗೆಯನ್ನು ತೆರೆಯಿತು; ಈಗ ಅದು ಚೌಕದ ದಕ್ಷಿಣ ಬದಿಯಲ್ಲಿ ಗಡಿಯಾರದ ಗೋಪುರವುಳ್ಳ ಕಟ್ಟಡದಲ್ಲಿದೆ. ಅಂದಿನ ಟಿಕೆಟ್ಟುಗಳ ಜೊತೆಗೆ ಮುಂದಿನ ಕೆಲವು ದಿನಗಳವೂ ಅಲ್ಲಿ ದೊರೆಯುತ್ತವೆ. ಸುತ್ತಲಿನ ಬೀದಿಗಳಲ್ಲಿ "ಅರ್ಧ ಬೆಲೆ" ಎಂದು ದೊಡ್ಡಕ್ಷರಗಳಲ್ಲಿ ಬರೆದುಕೊಂಡ ಖಾಸಗಿ ಅಂಗಡಿಗಳೂ ಇವೆ. ಹೊಸಬರು ಅಲ್ಲಿ ಮೋಸಹೋಗದಿರಬೇಕಾದರೆ ಟಿಕೆಟ್ಟಿನ ಮೇಲೆ ಅಚ್ಚಾದ ಮೂಲ ಬೆಲೆಯನ್ನು ಮೊದಲು ಓದಿ, ಆಮೇಲೆ ಕೈಚೀಲಕ್ಕೆ ಕೈಹಾಕುವುದು ಲೇಸು.

ಮೊದಲ ಸಾಲಿನಲ್ಲಿ ಬಡವರು

ಇಷ್ಟರವರೆಗಿನದು ಉಳಿದ ಕುರ್ಚಿಗಳ ಮಾತಾಯಿತು. ಉಳಿಯದ ಕುರ್ಚಿಯನ್ನು, ಅದೂ ಮೊದಲ ಸಾಲಿನದನ್ನು, ಬೇಕೆಂದೇ ಅಗ್ಗವಾಗಿ ಕೊಟ್ಟ ಪ್ರಸಂಗ ಇದಕ್ಕಿಂತ ಸೋಜಿಗದ್ದು.

ಜೊನಾಥನ್ ಲಾರ್ಸನ್ ಎಂಬ ತರುಣ ಬಹುಕಾಲ ಉಪಾಹಾರಗೃಹವೊಂದರಲ್ಲಿ ಪರಿಚಾರಕನಾಗಿ ದುಡಿಯುತ್ತ "ರೆಂಟ್" ಎಂಬ ಸಂಗೀತ ನಾಟಕವನ್ನು ರಚಿಸಿದ. ಮನೆ ಬಾಡಿಗೆ ಕೊಡಲಾರದ ಬಡ ಕಲಾವಿದರ ಬಾಳು ಅದರ ವಸ್ತು. 1996ರ ಜನವರಿ 25ರಂದು, ಸಾರ್ವಜನಿಕರಿಗಾಗಿ ಮೊದಲ ಆಟ ನಡೆಯಬೇಕಾಗಿದ್ದ ದಿನದ ಮುಂಜಾವದಲ್ಲಿಯೇ, ಅವನು ಅಕಸ್ಮಾತ್ತಾಗಿ ಮಡಿದ. ವಯಸ್ಸು 35. ನಾಟಕ ಜನಮನವನ್ನು ಸೂರೆಗೊಂಡು ಮೂರು ತಿಂಗಳಲ್ಲಿ ಬ್ರಾಡ್‌ವೇಗೆ ಏರಿತು. ಆಗ ಅದರ ನಿರ್ಮಾಪಕರಿಗೆ ಒಂದು ಧರ್ಮಸಂಕಟ ಒದಗಿತು. ಬಾಡಿಗೆ ಕೊಡಲಾರದವರ ಕಥೆಯನ್ನು ಬಾಡಿಗೆ ಕೊಡಲಾರದವರು ನೋಡಲಾಗದಂತಹ ಬೆಲೆಗೆ ಮಾರುವುದು ಹೇಗೆ? ಅವರು ಕಂಡುಕೊಂಡ ಉತ್ತರ ಇದು: ಮೊದಲೆರಡು ಸಾಲುಗಳ ಕುರ್ಚಿಗಳನ್ನು ಪ್ರತಿದಿನ, ಅಂದಿನ ಆಟಕ್ಕೆ, ಬಂದವರಿಗೆ ಬಂದಂತೆ, ತಲಾ 20 ಡಾಲರಿಗೆ ಕೊಡುವುದು. ರಂಗಕ್ಕೆ ಹತ್ತಿರದವು ಶ್ರೀಮಂತರಿಗೆ, ಹಿಂದಿನವು ಬಡವರಿಗೆ ಎಂಬ ಶತಮಾನಗಳ ವಾಡಿಕೆ ಇಲ್ಲಿ ತಲೆಕೆಳಗಾಯಿತು.

ತರುಣರು ರಾತ್ರಿಯೆಲ್ಲ ಬೀದಿಯಲ್ಲಿ ಕಂಬಳಿ ಹೊದ್ದು ಮಲಗಿ ಕಾದರು. ಹೀಗೆ ರಾತ್ರಿ ಕಾಯುವುದು ಕ್ಷೇಮವಲ್ಲವೆಂದು ತೋರಿ, 1997ರಲ್ಲಿ ಸರದಿಯ ಬದಲು ಚೀಟಿ ಎತ್ತುವ ಪದ್ಧತಿ ಬಂದಿತು. ಆಟಕ್ಕೆ ಮುಂಚೆ ಬಂದವರೆಲ್ಲ ಹೆಸರು ಬರೆದು ಹಾಕುವುದು. ಎತ್ತಿದ ಚೀಟಿಯವರಿಗೆ ಟಿಕೆಟ್ಟು. ಬ್ರಾಡ್‌ವೇಯ ಟಿಕೆಟ್ ಲಾಟರಿಗಳ ರೂಢಿ ಅಲ್ಲಿಂದ ಮೊದಲಾಯಿತು. 2015ರ ಜುಲೈ 13ರಂದು "ಹ್ಯಾಮಿಲ್ಟನ್" ನಾಟಕದ ಮೊದಲ ಲಾಟರಿ ನಡೆದಾಗ ಮೊದಲ ಸಾಲಿನ 21 ಕುರ್ಚಿಗಳಿಗೆ ಏಳುನೂರಕ್ಕೂ ಹೆಚ್ಚು ಮಂದಿ ನೆರೆದಿದ್ದರು. ಬೆಲೆ 10 ಡಾಲರು, ಅಂದರೆ ಒಂದು ನೋಟು. ಆ ನೋಟಿನ ಮೇಲೆ ಅಚ್ಚಾಗಿರುವುದು ನಾಟಕದ ನಾಯಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಮುಖವೇ! ಕಾದು ನಿಂತ ಜನರನ್ನು ರಂಜಿಸಲು ನಾಟಕಕಾರ ಲಿನ್ ಮಾನ್ಯುಯೆಲ್ ಮಿರಾಂಡನೂ ಸಂಗಡಿಗರೂ ಬಾಗಿಲ ಬಳಿ ಬಂದು ಹಾಡಿ ಆಡಿ ತೋರಿಸುತ್ತಿದ್ದರು. ಚೀಟಿ ಬಾರದವರೂ ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಈಗ ಬಹುತೇಕ ಲಾಟರಿಗಳು ಕೈಯೊಳಗಿನ ದೂರವಾಣಿಯಲ್ಲಿಯೇ ನಡೆದುಹೋಗುತ್ತವೆ. ಹೊತ್ತಿಲ್ಲದ ದುಡಿಮೆಗಾರನೂ ನಡೆಯಲಾರದ ಮುದುಕನೂ ಹೆಸರು ಕೊಡಬಹುದಾದ್ದರಿಂದ ಇದು ನ್ಯಾಯವೇ ಸರಿ. ಆದರೆ ಸ್ಪರ್ಧಿಗಳು ನೂರರಿಂದ ಸಾವಿರಗಳಿಗೆ ಏರಿದ್ದಾರೆ; ಸರದಿಯಲ್ಲಿ ಅಪರಿಚಿತರು "ಆ ನಾಟಕ ಹೇಗಿದೆ?" ಎಂದು ಒಬ್ಬರನ್ನೊಬ್ಬರು ಕೇಳಿ ಸ್ನೇಹಿತರಾಗುತ್ತಿದ್ದ ಸುಖ ಕಾಣೆಯಾಗಿದೆ. ಕಾಲು ನೋಯುವುದು ತಪ್ಪಿತು. ಜೊತೆಗೆ ಮಾತೂ ತಪ್ಪಿತು.

ನಿಂತವರ ಪರಂಪರೆ

ಅಗ್ಗದ ಪ್ರೇಕ್ಷಕ ಹೊಸ ಕಾಲದ ಸೃಷ್ಟಿಯಲ್ಲ. 1599ರಲ್ಲಿ ಲಂಡನ್ನಿಗೆ ಬಂದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಅಲ್ಲಿಯ ನಾಟಕಶಾಲೆಗಳ ದರವನ್ನು ಬರೆದಿಟ್ಟಿದ್ದಾನೆ: ನಿಂತು ನೋಡಲು ಒಂದು ಪೆನ್ನಿ, ಕೂರಲು ಇನ್ನೊಂದು, ಮೆತ್ತೆಯ ಮೇಲೆ ಸುಖವಾಗಿ ಕೂರಲು ಮತ್ತೊಂದು. ಷೇಕ್ಸ್‌ಪಿಯರನ ನಾಟಕಗಳನ್ನು ಅಂಗಳದಲ್ಲಿ ನಿಂತು, ಮಳೆ ಬಂದರೆ ನೆನೆದು, ಕಡಲೆಬೀಜ ತಿನ್ನುವ ನಮ್ಮವರಂತೆ ಅಡಕೆಯಷ್ಟು ದಪ್ಪದ ಹೇಜಲ್ ಕಾಯಿಗಳನ್ನು ಒಡೆದು ತಿನ್ನುತ್ತ ನೋಡಿದವರು ಆ ಒಂದು ಪೆನ್ನಿಯವರು. 1997ರಲ್ಲಿ ಥೇಮ್ಸ್ ನದಿಯ ದಡದಲ್ಲಿ ಗ್ಲೋಬ್ ರಂಗಮಂದಿರವನ್ನು ಮತ್ತೆ ಕಟ್ಟಿದಾಗ ಆ ಅಂಗಳವನ್ನೂ ಮರೆಯಲಿಲ್ಲ. ಅಲ್ಲಿ 700 ಮಂದಿ ನಿಲ್ಲಬಹುದು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದರ ದರ ಐದೇ ಪೌಂಡು ಇದ್ದಿತು.

ವಿಯೆನ್ನಾದ ಸರ್ಕಾರಿ ಸಂಗೀತ ನಾಟಕಮಂದಿರದಲ್ಲಿಯೂ ನಿಂತು ನೋಡುವವರ ಜಾಗ ಪ್ರಸಿದ್ಧವಾದುದು. ಜಾಗ ಹಿಡಿದವರು ಮುಂದಿನ ಕಂಬಿಗೆ ತಮ್ಮ ಕೊರಳ ವಸ್ತ್ರವನ್ನು ಕಟ್ಟಿ ಹೊರಗೆ ಹೋಗಿಬರುತ್ತಾರೆ. ಆ ಗಂಟನ್ನು ಬಿಚ್ಚುವ ಧೈರ್ಯ ಯಾರಿಗೂ ಇಲ್ಲ. ಬಸ್ಸಿನ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವ ಕನ್ನಡಿಗರಿಗೆ ಈ ಶಾಸ್ತ್ರವನ್ನು ವಿವರಿಸಬೇಕಾಗಿಲ್ಲ. ಟೋಕಿಯೋ ನಗರದ ಕಬೂಕಿ ನಾಟಕಶಾಲೆಯವರದು ಇನ್ನೂ ಜಾಣ ಉಪಾಯ. ಇಡೀ ಆಟ ಬೇಡವಾದರೆ ಒಂದೇ ಅಂಕಕ್ಕೆ ಅಗ್ಗದ ಟಿಕೆಟ್ಟು ಕೊಂಡು ನಾಲ್ಕನೆಯ ಮಹಡಿಗೆ ಹತ್ತಿ ನೋಡಿ ಬರಬಹುದು.

ಆಕ್ಷೇಪಣೆಗಳು

ಎಲ್ಲವೂ ಚೆನ್ನಾಗಿದೆ ಎಂದರೆ ಲೆಕ್ಕ ಪೂರ್ತಿಯಾಗದು. ದಿನವೂ ಅರ್ಧ ಬೆಲೆಗೆ ಸಿಗುವುದಾದರೆ ಪೂರ್ತಿ ಬೆಲೆ ಕೊಡುವವನು ಹೆಡ್ಡನಲ್ಲವೆ? ಹಾಗೆಂದುಕೊಂಡು ಎಲ್ಲರೂ ಸಂಜೆಯನ್ನೇ ಕಾದರೆ ಹೂವಾಡಗಿತ್ತಿಯ ಗತಿಯೇನು? ನಾಟಕಶಾಲೆಗಳು ಇದಕ್ಕೆ ಕಂಡುಕೊಂಡಿರುವ ಮದ್ದು ಅನಿಶ್ಚಯ. ಇಂದು ಫಲಕದ ಮೇಲಿದ್ದ ಆಟ ನಾಳೆ ಇರುವುದೆಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ. ದೂರದೂರಿನಿಂದ ಮಕ್ಕಳೊಡನೆ ಬರುವವನು ಆ ಜೂಜಿಗೆ ಇಳಿಯಲಾರ. ಅವನು ಮೊದಲೇ ಪೂರ್ತಿ ತೆರುತ್ತಾನೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ರಿಯಾಯಿತಿಗೆ ಎಡೆಮಾಡಿಕೊಡಲೆಂದೇ ಮೂಲ ಬೆಲೆಯನ್ನು ಏರಿಸುವುದುಂಟು. ಈಚಿನ ವರ್ಷಗಳಲ್ಲಿ ಬ್ರಾಡ್‌ವೇಯಲ್ಲಿ ಟಿಕೆಟ್ಟೊಂದಕ್ಕೆ ಪ್ರೇಕ್ಷಕ ತೆತ್ತ ಸರಾಸರಿ ಬೆಲೆಯೇ 120 ಡಾಲರುಗಳನ್ನು ದಾಟಿದೆ. ಹೀಗಿರುವಾಗ ಅರ್ಧ ಬೆಲೆಯೆಂಬುದು ಬಡವನ ಬೆಲೆಯಾಗಿ ಉಳಿದಿಲ್ಲ. ಒಬ್ಬ ವಿದ್ಯಾರ್ಥಿಯ ಕೆಲವು ದಿನಗಳ ಊಟದ ಖರ್ಚು ಅದು. 2001ರಲ್ಲಿ "ದಿ ಪ್ರೊಡ್ಯೂಸರ್ಸ್" ನಾಟಕದವರು ಕಳ್ಳಸಂತೆಯವರ ಲಾಭವನ್ನು ತಾವೇ ಗಳಿಸಬಾರದೇಕೆಂದು ಕೆಲವು ಕುರ್ಚಿಗಳಿಗೆ 480 ಡಾಲರು ಬೆಲೆ ಇಟ್ಟರು. ಆ ಮೇಲ್ಪಂಕ್ತಿಯನ್ನು ಇತರರು ಬೇಗನೆ ಅನುಸರಿಸಿದರು. ಹೀಗೆ ಒಂದೇ ಶಾಲೆಯಲ್ಲಿ ಒಂದು ಕೈ ಹತ್ತು ಡಾಲರಿನ ಚೀಟಿ ಎತ್ತುತ್ತಿದ್ದರೆ ಇನ್ನೊಂದು ಕೈ ನೂರಾರು ಡಾಲರುಗಳನ್ನು ಎಣಿಸುತ್ತಿರುತ್ತದೆ. ಇಪ್ಪತ್ತೊಂದು ಕುರ್ಚಿಗಳ ಔದಾರ್ಯ ಸಾವಿರ ಕುರ್ಚಿಗಳ ದುಬಾರಿತನಕ್ಕೆ ತೊಡಿಸಿದ ಅಂದದ ಅಂಗಿಯೆಂದು ಟೀಕಿಸುವವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೂ ಆ ಅಂಗಿಯನ್ನು ಕಿತ್ತೆಸೆದರೆ ಲಾಭ ಯಾರಿಗೆ? 2020ರ ಮಾರ್ಚ್ 12ರಂದು ಸಾಂಕ್ರಾಮಿಕ ರೋಗದ ಕಾರಣ ಬ್ರಾಡ್‌ವೇಯ ಬಾಗಿಲುಗಳೆಲ್ಲ ಮುಚ್ಚಿದವು. ಒಂದೂವರೆ ವರ್ಷದ ಬಳಿಕ, 2021ರ ಸೆಪ್ಟೆಂಬರಿನಲ್ಲಿ, ದೊಡ್ಡ ಆಟಗಳು ಮರಳುತ್ತಿದ್ದಾಗ ಕೆಂಪು ಮೆಟ್ಟಿಲುಗಳ ಕೆಳಗಿನ ಕಿಟಕಿಗಳೂ ತೆರೆದವು. ಬರಿದಾದ ಶಾಲೆ ಎಂದರೇನೆಂಬುದನ್ನು ಆ ಹದಿನೆಂಟು ತಿಂಗಳು ಎಲ್ಲರಿಗೂ ಕಲಿಸಿದ್ದವು. ನಟನಿಗೆ ಖಾಲಿ ಕುರ್ಚಿ ಕೇವಲ ನಷ್ಟದ ಬಾಬಲ್ಲ. ಅದು ಮಾತನಾಡದ ಎದುರಾಳಿ. ನಗಬೇಕಾದ ಕಡೆ ಅದು ನಗದು, ನಿಟ್ಟುಸಿರಿಡಬೇಕಾದ ಕಡೆ ಉಸಿರಾಡದು.

ಭರತನ ನಾಟ್ಯಶಾಸ್ತ್ರ ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೆಂದು ಕರೆಯಿತು. ಕನ್ನಡದ ಕಂಪೆನಿ ನಾಟಕಗಳು ಆ ತತ್ತ್ವವನ್ನು ತಮ್ಮದೇ ರೀತಿಯಲ್ಲಿ ನಡೆಸಿಕೊಂಡು ಬಂದವು: ಮುಂದೆ ಸೋಫಾ, ಅದರ ಹಿಂದೆ ಕುರ್ಚಿ, ಬೆಂಚು, ಕೊನೆಗೆ ನೆಲ. ನೆಲದವರ ಶಿಳ್ಳೆಗೂ "ಒನ್ಸ್ ಮೋರ್" ಕೂಗಿಗೂ ಮಣಿಯದ ನಟರಿರಲಿಲ್ಲ. ಆಟ ಗೆದ್ದಿತೋ ಬಿದ್ದಿತೋ ಎಂಬುದನ್ನು ಸೋಫಾದವರ ಗಾಂಭೀರ್ಯದಿಂದ ತಿಳಿಯಲಾಗುತ್ತಿರಲಿಲ್ಲ; ನೆಲ ಹೇಳುತ್ತಿತ್ತು. ಕಡಿಮೆ ಕೊಟ್ಟವನೇ ಹೆಚ್ಚು ಕೊಡುವ ವಿಚಿತ್ರ ವ್ಯಾಪಾರ ನಾಟಕದ್ದು. ಹಣ ಕೊಟ್ಟವನು ಬರಿಯ ಹಣ ಕೊಟ್ಟಿರುತ್ತಾನೆ. ಗಾಳಿಯಲ್ಲಿ ಮೂರು ಗಂಟೆ ನಿಂತು ಕಿಟಕಿಯವರೆಗೆ ಬಂದವನು ತನ್ನ ದಿನವನ್ನೇ ಕೊಟ್ಟಿರುತ್ತಾನೆ. ಅವನ ಕೈಯಲ್ಲಿರುವ ಅರ್ಧ ಬೆಲೆಯ ಟಿಕೆಟ್ಟನ್ನು ಅಗ್ಗದ್ದೆನ್ನುವವರು ಬೆಲೆಯನ್ನು ಬಲ್ಲರೇ ಹೊರತು ನಾಟಕವನ್ನು ಬಲ್ಲವರಲ್ಲ.